ಡ್ರುಕ್ ಏರ್ ಬಗ್ಗೆ ಹೊರಡುವ ಮೊದಲು ಒಂದಿಷ್ಟು

ಎಲ್ಲರಿಗೂ ನಮಸ್ಕಾರ. ಕೋಲ್ಕತ್ತಾದಿಂದ ಪಾರೋಗೆ ನಾವು ಹೋಗುವ ವಿಮಾನ ಭೂತಾನದ ರಾಷ್ಟ್ರೀಯ ಸಂಸ್ಥೆ ಡ್ರುಕ್ ಏರ್‌ನದು. ಡ್ರುಕ್ ಅಂದರೆ ಗುಡುಗಿನ ಡ್ರ್ಯಾಗನ್, ಅವರ ಬಾವುಟದಲ್ಲೂ ಅದೇ ಇದೆ.

ರಾಜ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಅವರ ಆದೇಶದಂತೆ 1981ರಲ್ಲಿ ಸಂಸ್ಥೆ ಶುರುವಾಯಿತು. 1983ರ ಫೆಬ್ರವರಿಯಲ್ಲಿ ಮೊದಲ ಹಾರಾಟ. ಎಲ್ಲಿಗೆ ಗೊತ್ತಾ? ಪಾರೋದಿಂದ ಕೋಲ್ಕತ್ತಾಗೆ, ನಮ್ಮದೇ ದಾರಿ! ಆಗ ಇದ್ದದ್ದು ಪುಟ್ಟ ಡಾರ್ನಿಯರ್ 228. ಅಷ್ಟು ದೊಡ್ಡ ಬೆಟ್ಟಗಳ ನಡುವೆ ಅಷ್ಟು ಚಿಕ್ಕ ವಿಮಾನ ಅಂದರೆ ನನಗೆ ಈಗಲೂ ಆಶ್ಚರ್ಯ. 1988ರಲ್ಲಿ ನಾಲ್ಕು ಎಂಜಿನ್‌ಗಳ ಜೆಟ್ ಬಂತು, 2004ರಲ್ಲಿ ಏರ್‌ಬಸ್ ಎ319.

ಈಗ ಮುಖ್ಯ ವಿಷಯ. ಪಾರೋ ನಿಲ್ದಾಣ ಸುಮಾರು 2,200 ಮೀಟರ್ ಎತ್ತರದ ಕಣಿವೆಯಲ್ಲಿದೆ. ಸುತ್ತ 5,000 ಮೀಟರ್ ದಾಟುವ ಶಿಖರಗಳು. ಪೈಲಟ್ ರನ್‌ವೇಯನ್ನು ಕಣ್ಣಾರೆ ನೋಡಿಯೇ ಇಳಿಸಬೇಕು. ಕಣಿವೆಯಲ್ಲಿ ವಿಮಾನ ಓರೆಯಾಗಿ ತಿರುಗುತ್ತದೆ, ಬೆಟ್ಟದ ಮನೆಗಳು ಕಿಟಕಿಗೆ ತೀರಾ ಹತ್ತಿರ ಅನ್ನಿಸುತ್ತವೆ. ಹೆದರಬೇಡಿ, ಇದಕ್ಕೆಂದೇ ವಿಶೇಷ ತರಬೇತಿ ಪಡೆದ ಪೈಲಟ್‌ಗಳಷ್ಟೇ ಇಲ್ಲಿ ಇಳಿಸುತ್ತಾರೆ.

ಮೋಡ, ಗಾಳಿ ಜಾಸ್ತಿ ಇದ್ದರೆ ವಿಮಾನ ತಡವಾಗಬಹುದು, ಕೆಲವೊಮ್ಮೆ ರದ್ದೂ ಆಗಬಹುದು. ಹಾಗಾಗಿ ವಾಪಸ್ ಬರುವಾಗ ಕೋಲ್ಕತ್ತಾದಿಂದ ಬೆಂಗಳೂರಿಗೆ ಅದೇ ದಿನದ ಟಿಕೆಟ್ ಮಾಡಿಸಬೇಡಿ. ಒಂದು ರಾತ್ರಿ ಕೋಲ್ಕತ್ತಾದಲ್ಲಿ ಉಳಿಯುವುದೇ ಒಳ್ಳೆಯದು ಅಲ್ವಾ? ಈಗಾಗಲೇ ಟಿಕೆಟ್ ಮಾಡಿಸಿದವರು ಇವತ್ತೇ ಇಲ್ಲಿ ತಿಳಿಸಿ.