ಸೀಸೆಯಲ್ಲಿ ರೇಡಿಯಂ ನಿಜಕ್ಕೂ ಇತ್ತು

ಮಾನ್ಯ ಸಂಪಾದಕರೇ,

ನಕಲಿ ವೈದ್ಯರ ಇತಿಹಾಸ ಬರೆಯುವವರು ‘ಬಣ್ಣದ ನೀರು ಮಾರಿ ದುಡ್ಡು ಮಾಡಿದರು’ ಎಂಬಲ್ಲಿಗೆ ಮಾತು ಮುಗಿಸುವುದು ವಾಡಿಕೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1925ರಿಂದ ತಯಾರಾದ ‘ರೇಡಿಥಾರ್’ ಟಾನಿಕ್ ಅದಕ್ಕೆ ತದ್ವಿರುದ್ಧ. ಲೇಬಲ್ಲಿನಲ್ಲಿ ಹೇಳಿದ ವಸ್ತು, ಅಂದರೆ ವಿಕಿರಣ ಸೂಸುವ ಲೋಹವಾದ ರೇಡಿಯಂ, ಒಳಗೆ ಇದ್ದದ್ದರಿಂದಲೇ ಅದು ಜೀವ ತೆಗೆಯಿತು.

ತಯಾರಕ ವಿಲಿಯಂ ಬೈಲಿ ಹಾರ್ವರ್ಡ್‌ನಲ್ಲಿ ಓದನ್ನು ಅರ್ಧಕ್ಕೆ ಬಿಟ್ಟವನು. ವಿಯೆನ್ನಾದ ಡಾಕ್ಟರೇಟ್ ಇದೆ ಎಂದು ಹೇಳಿಕೊಂಡದ್ದು ಶುದ್ಧ ಸುಳ್ಳು. ಸರಕಿನ ವಿಷಯದಲ್ಲಿ ಮಾತ್ರ ಆಸಾಮಿ ಮೋಸ ಮಾಡಲಿಲ್ಲ: ಅರ್ಧ ಔನ್ಸ್, ಅಂದರೆ ಸುಮಾರು 15 ಮಿ.ಲೀ. ಬಟ್ಟಿ ಇಳಿಸಿದ ನೀರು. ಅದರಲ್ಲಿ ರೇಡಿಯಂನ ಎರಡು ರೂಪಗಳಾದ ರೇಡಿಯಂ-226 ಮತ್ತು ರೇಡಿಯಂ-228 ತಲಾ ಒಂದು ಮೈಕ್ರೊಕ್ಯೂರಿಯಷ್ಟು (ಇದು ವಿಕಿರಣಶೀಲತೆಯ ಅಳತೆ). ಸೀಸೆಗೆ ಒಂದು ಡಾಲರ್. ಬರೆದುಕೊಟ್ಟ ವೈದ್ಯರಿಗೆ ಕಮಿಷನ್. ಲೇಬಲ್ಲಿನ ಮೇಲೆ ‘ದೃಢೀಕೃತ ವಿಕಿರಣಶೀಲ ನೀರು’ ಎಂಬ ಬರಹ. ದೃಢಪಟ್ಟಿದ್ದು ವಿಕಿರಣವೇ ಹೊರತು ಗುಣವಲ್ಲ. ಇಂದಿನ ‘ಲ್ಯಾಬ್ ಪರೀಕ್ಷಿತ’ ಜಾಹೀರಾತುಗಳನ್ನು ಓದುವಾಗಲೂ ಪರೀಕ್ಷಿಸಿದ್ದು ಏನನ್ನು ಎಂದು ಕೇಳಬೇಕು.

ಆ ಕಾಲದ ಬಹುತೇಕ ‘ವಿಕಿರಣ ನೀರಿ’ನಲ್ಲಿ ಇದ್ದದ್ದು ರೇಡಾನ್ ಅನಿಲ. ಅದರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ನಾಲ್ಕು ದಿನವೂ ಇಲ್ಲ, ಹೆಚ್ಚಿನದು ಉಸಿರಿನೊಂದಿಗೆ ಹೊರಬೀಳುತ್ತದೆ. ಕರಗಿದ ರೇಡಿಯಂ ಹಾಗಲ್ಲ. ರಾಸಾಯನಿಕವಾಗಿ ಕ್ಯಾಲ್ಸಿಯಂನ ದಾಯಾದಿಯಾದ ಅದನ್ನು ದೇಹ ಮೂಳೆಗೆ ಸೇರಿಸಿಕೊಳ್ಳುತ್ತದೆ. ಅಲ್ಲಿ ಕೂತು ಅದು ಸುತ್ತಲಿನ ಜೀವಕೋಶಗಳ ಮೇಲೆ ಆಲ್ಫಾ ಕಣ ಸಿಡಿಸುತ್ತಲೇ ಇರುತ್ತದೆ. ರೇಡಿಯಂ-226ರ ಅರ್ಧಾಯುಷ್ಯ 1,600 ವರ್ಷ. ಕುಡಿಯುವುದನ್ನು ಬಿಟ್ಟ ಮಾತ್ರಕ್ಕೆ ಪಾರಾಗುವಂತಿಲ್ಲ.

ಪಿಟ್ಸ್‌ಬರ್ಗ್‌ನ ಉದ್ಯಮಿ, 1906ರ ಅಮೆರಿಕ ಅಮೆಚೂರ್ ಗಾಲ್ಫ್ ಚಾಂಪಿಯನ್ ಎಬೆನ್ ಬೈಯರ್ಸ್‌ಗೆ ಆದದ್ದು ಅದೇ. 1927ರಲ್ಲಿ ರೈಲಿನ ಬರ್ತ್‌ನಿಂದ ಬಿದ್ದ ತೋಳುನೋವಿಗೆ ವೈದ್ಯರೇ ರೇಡಿಥಾರ್ ಸೂಚಿಸಿದರು. ಮೊದಮೊದಲು ಚೈತನ್ಯ ಬಂದಂತಾಗಿ, ದಿನಕ್ಕೆ ಮೂರರವರೆಗೆ, ಒಟ್ಟು ಸುಮಾರು 1,400 ಸೀಸೆ ಖಾಲಿ ಮಾಡಿದರು. 1931ರಲ್ಲಿ ಅಮೆರಿಕದ ವ್ಯಾಪಾರ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ನಿನ ವಕೀಲರು ಹೇಳಿಕೆ ಪಡೆಯಲು ಮನೆಗೆ ಹೋದಾಗ ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲಷ್ಟೇ ಉಳಿದಿದ್ದವು. ಕೆಳದವಡೆಯ ಬಹುಭಾಗವನ್ನೂ ತೆಗೆದಾಗಿತ್ತು. ತಲೆಬುರುಡೆ ತೂತು ಬೀಳುತ್ತಿತ್ತು. 1932ರ ಮಾರ್ಚ್ 31ರಂದು ತೀರಿಕೊಂಡರು.

ವಿಚಾರಣೆಗೆ ವ್ಯಾಪಾರ ಆಯೋಗ ಹೋದದ್ದೇಕೆ? 1906ರ ಔಷಧ ಕಾಯ್ದೆ ಮುಖ್ಯವಾಗಿ ಕಲಬೆರಕೆ, ಲೇಬಲ್ಲಿನ ಸುಳ್ಳನ್ನು ಹಿಡಿಯುವಂಥದ್ದು. ಮಾರುವ ಮುನ್ನ ಹೊಸ ಔಷಧದ ಸುರಕ್ಷತೆ ತೋರಿಸಬೇಕೆಂಬ ನಿಯಮ ಬಂದದ್ದು 1938ರಲ್ಲಿ. ಆಯೋಗದ ಕೈಲಿದ್ದದ್ದು ಸುಳ್ಳು ಜಾಹೀರಾತಿನ ಅಸ್ತ್ರವೊಂದೇ. 1931ರ ಡಿಸೆಂಬರ್‌ನಲ್ಲಿ ಅದನ್ನೇ ಪ್ರಯೋಗಿಸಿ ರೇಡಿಥಾರ್‌ಗೆ ತಡೆ ಹಾಕಿತು.

ಬೈಯರ್ಸ್ ಸಾವಿಗಾಗಿ ಬೈಲಿಯ ಮೇಲೆ ಮೊಕದ್ದಮೆ ನಡೆಯಲೇ ಇಲ್ಲ. ಆತ ಮುಂದೆ ಸೊಂಟದ ಪಟ್ಟಿಗೆ ಸಿಕ್ಕಿಸುವ ವಿಕಿರಣದ ಕ್ಲಿಪ್, ವಿಕಿರಣದ ಪೇಪರ್‌ವೇಟ್ ಮಾರಿದ.

– ಔಷಧಶಾಸ್ತ್ರದ ಅಧ್ಯಾಪಕ, ಮೈಸೂರು