ಅರವಿಂದನಿಗೆ ಅತ್ತೆಯ ಪತ್ರ

ಚಿ. ಅರವಿಂದನಿಗೆ ಅತ್ತೆಯ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ರಾತ್ರಿಯೆಲ್ಲ ಕಾಫಿ ಕುಡಿದು ಓದಿ, ಭಾನುವಾರ ಮಧ್ಯಾಹ್ನದವರೆಗೆ ಮಲಗುತ್ತೀಯೆಂದು ನಿಮ್ಮಪ್ಪ ಹೇಳಿದ. ಓದಬೇಡ ಅನ್ನುವುದಿಲ್ಲ. ಡಾಕ್ಟರ್ ಆಗುವವನು ನೀನು. ತಲೆಯೊಳಗೆ ನಡೆಯುವುದನ್ನು ತಿಳಿದುಕೊಂಡು ನಿರ್ಧರಿಸು.

ನಾನು ಶರೀರಶಾಸ್ತ್ರ ಓದುವಾಗ ಮಿದುಳಿನ ಗ್ಲಿಯಾ ಕೋಶಗಳಿಗೆ ಅರ್ಧ ಪುಟ ಸಿಕ್ಕರೆ ಹೆಚ್ಚು. ನರಕೋಶಗಳಿಗೆ ಆಸರೆ, ಅಷ್ಟೇ. ಈಗ ಹಾಗಲ್ಲ. ಮಿದುಳಿನ ತಳದ ಹೈಪೋಥಲಾಮಸ್‌ನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ಅಡ್ಡಹಾಯುವಲ್ಲಿಗೆ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಗುಂಪಿದೆಯಲ್ಲ, ದೇಹದ ಗಡಿಯಾರ ಅದೇ. ಆ ನರಕೋಶಗಳು ಹಗಲು ಚುರುಕು, ಜೊತೆಗಿರುವ ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶಗಳು ರಾತ್ರಿ ಚುರುಕು. ರಾತ್ರಿ ಇವು ಗ್ಲುಟಮೇಟ್ ಎಂಬ ರಾಸಾಯನಿಕ ಬಿಟ್ಟು ನರಕೋಶಗಳನ್ನು ಸುಮ್ಮನಿರಿಸುತ್ತವೆ ಎಂದು 2017ರಲ್ಲಿ ಕೇಂಬ್ರಿಡ್ಜ್‌ನವರು ಇಲಿಗಳಲ್ಲಿ ಕಂಡರು. ಗ್ಲುಟಮೇಟ್ ಕೆರಳಿಸುವುದಲ್ಲವೇ ಅಂತ ಕೇಳುತ್ತೀಯ. ಇಲ್ಲಿ ಅದು ಕೆರಳಿಸುವುದು ಗಾಬಾ ಬಿಡುವ ನರತುದಿಗಳನ್ನು; ಗಾಬಾ ನರಕೋಶಗಳನ್ನು ಸುಮ್ಮನಿರಿಸುವ ರಾಸಾಯನಿಕ. ಅದೇ ವರ್ಷ ಸೇಂಟ್ ಲೂಯಿಯಲ್ಲಿ ಆ ಆಸ್ಟ್ರೋಸೈಟ್‌ಗಳಿಂದ ಮಾತ್ರ ಗಡಿಯಾರ ನಡೆಸುವ ಒಂದು ಜೀನ್ ತೆಗೆದರು. ಇಲಿಯ ದಿನವೇ ಸುಮಾರು ಒಂದು ಗಂಟೆ ಉದ್ದವಾಯಿತು. 2019ರದ್ದಂತೂ ನನಗೆ ಇವತ್ತಿಗೂ ಬೆರಗು. ಗಡಿಯಾರ ಪೂರ್ತಿ ಕೆಟ್ಟ ಇಲಿಗಳಿಗೆ, ಆಸ್ಟ್ರೋಸೈಟ್‌ಗಳಲ್ಲಷ್ಟೇ ಕ್ರೈ-1 ಎಂಬ ಗಡಿಯಾರದ ಜೀನ್ ಮರಳಿ ಕೊಟ್ಟರು. ಅವುಗಳ ಓಡಾಟ, ವಿಶ್ರಾಂತಿ ಎರಡೂ ಮತ್ತೆ ಹೊತ್ತಿಗೆ ಬಂದವು!

ಇನ್ನು ಕಾಫಿ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆ ಒತ್ತರಿಸುತ್ತದೆ. ಅದರಲ್ಲೂ ಆಸ್ಟ್ರೋಸೈಟ್‌ಗಳ ಪಾಲಿದೆ: ಅವು ರಾಸಾಯನಿಕಗಳನ್ನು ಹೊರಬಿಡುವುದಕ್ಕೆ ತಡೆಯೊಡ್ಡಿದ ಇಲಿಗಳಲ್ಲಿ ಆ ಒತ್ತಡ ತಗ್ಗಿದ್ದು 2009ರಲ್ಲೇ ಕಂಡಿತ್ತು. ಕಾಫಿ ಅಡೆನೋಸಿನ್ ಕೂರುವ ಜಾಗವನ್ನು ಅಡ್ಡಗಟ್ಟುತ್ತದೆ, ಸೇರಿದ್ದನ್ನು ಕಡಿಮೆ ಮಾಡುವುದಿಲ್ಲ. ಕುಡಿದ ಕಾಫಿಯ ಕೆಫೀನ್‌ನಲ್ಲಿ ಅರ್ಧ ದೇಹದಿಂದ ಇಳಿಯಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದದ್ದು ಮೂರಕ್ಕೂ ನಿನ್ನನ್ನು ಬಿಟ್ಟಿರುವುದಿಲ್ಲ.

ಆಸ್ಟ್ರೋಸೈಟ್‌ಗಳದ್ದೆಲ್ಲ ಇಲಿಗಳ ಮಾತು, ಮನುಷ್ಯರಿಗೆ ಹಾಗೇ ಅನ್ವಯಿಸಬಾರದು, ನಿಜ. ನಿದ್ದೆಯಲ್ಲಿ ಮಿದುಳಿನ ಕೊಳೆ ತೊಳೆದುಹೋಗುತ್ತದೆ ಅನ್ನುವ ವಾದವೂ ಇನ್ನೂ ತೀರ್ಮಾನವಾಗಿಲ್ಲ, ಅದನ್ನು ಮುಂದಿಟ್ಟು ನಿನ್ನನ್ನು ಹೆದರಿಸುವುದಿಲ್ಲ. ಆದರೆ ಗಡಿಯಾರವನ್ನು ವಾರಕ್ಕೊಮ್ಮೆ ಹಿಂದೆ ಮುಂದೆ ಎಳೆಯಬೇಡ ಕಂದಾ. ಭಾನುವಾರವೂ ಅದೇ ಹೊತ್ತಿಗೆ ಏಳು. ಎದ್ದವನೇ ಹಾಸ್ಟೆಲ್ ತಾರಸಿಗೆ ಹೋಗಿ ಬಿಸಿಲಲ್ಲಿ ಸ್ವಲ್ಪ ಓಡಾಡು. ಆ ಗಡಿಯಾರ ಸರಿಹೊಂದುವುದು ಮುಖ್ಯವಾಗಿ ಬೆಳಕಿನಿಂದ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ರಾತ್ರಿ ಉಳಿದ ಪಾಠವನ್ನು ಬೆಳಿಗ್ಗೆ ಓದು.

ಪರೀಕ್ಷೆ ವೇಳಾಪಟ್ಟಿ ಬಂದ ಕೂಡಲೇ ಕಳಿಸು. ಮಲಗುವ ಹೊತ್ತನ್ನೂ ಸೇರಿಸಿ ಇಬ್ಬರೂ ಕೂತು ಬರೆಯೋಣ.

ಇಂತಿ ನಿನ್ನ
ಅತ್ತೆ