ಬಸು, ಪಿಎಫ್ ತೆಗೆಯುವ ಮುಂಚೆ ಇದನ್ನು ಓದು

ಪ್ರೀತಿಯ ಬಸು,

ಕೆಲಸ ಬದಲಿಸುವಾಗ ಪಿಎಫ್ (ಭವಿಷ್ಯ ನಿಧಿ) ತೆಗೆಯಬೇಕೋ ಬೇಡವೋ ಅಂತ ನೀನು ಕೇಳಿದ್ದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಜನರ ಮನೆಯಲ್ಲಿ ಇದೇ ಮಾತು ನಡೆಯುತ್ತಿರುತ್ತದೆ. ಹಾಗಾಗಿ ನಿನ್ನನ್ನು ಕೇಳಿಯೇ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಫೌಂಡ್ರಿ ಬಿಟ್ಟು ಹತ್ತರಗಿ ಕಡೆಯ ಕಂಪನಿಗೆ ಹೋಗುತ್ತಿರುವುದು ಬಹಳ ಖುಷಿಯ ಸುದ್ದಿ. ಬೇಸಿಕ್ 15,000 ಇದ್ದದ್ದು 17,000 ಆಗುತ್ತದೆ. ಈಗ ನಿನ್ನ ಮಾವನವರು "ಕೆಲಸ ಬಿಟ್ಟಿದ್ದೀಯಲ್ಲ, ಪಿಎಫ್ ಪೂರ್ತಿ ತೆಗೆದು ಸಾಲ ತೀರಿಸಿಬಿಡು" ಅನ್ನುತ್ತಾರೆ. ನಿನ್ನ ಕಾಕಾನ ಮಗ "ಪಗಾರ ಏರಿದೆ, ವಿಪಿಎಫ್ ಅಂತ ಇನ್ನೂ ಜಾಸ್ತಿ ಕಟ್ಟು" ಅನ್ನುತ್ತಾನೆ. ಇಬ್ಬರೂ ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ. ಆದರೆ ನಿನ್ನ ಈಗಿನ ಪರಿಸ್ಥಿತಿಗೆ ಎರಡೂ ಬೇಡ.

ಮೊದಲು ಪಗಾರ ಚೀಟಿ ನೋಡು. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 15,000. ಅದರಲ್ಲಿ ಶೇ 12, ಅಂದರೆ 1,800 ರೂಪಾಯಿ ನಿನ್ನ ಪಗಾರದಿಂದ ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕುತ್ತದೆ. ಆದರೆ ಕಂಪನಿ ಹಾಕಿದ್ದರಲ್ಲಿ 1,250 ರೂಪಾಯಿ ಪಿಂಚಣಿ ಯೋಜನೆಗೆ ಹೋಗುತ್ತದೆ. ಉಳಿದ 550 ಮಾತ್ರ ಪಿಎಫ್‌ಗೆ. ಒಟ್ಟು ನಿನ್ನ ಪಿಎಫ್ ಖಾತೆಗೆ ತಿಂಗಳಿಗೆ ಸೇರುವುದು 2,350. ಅದಕ್ಕೆ 2024-25ರಲ್ಲಿ ಕೊಟ್ಟ ಬಡ್ಡಿ ಶೇ 8.25.

ಈಗ ತಂಗಿಯ ಲಗ್ನಕ್ಕೆ ತೆಗೆದ ಕೈಗಡ. 80,000 ರೂಪಾಯಿ, ತಿಂಗಳಿಗೆ ನೂರಕ್ಕೆ ಮೂರು. ಬಡ್ಡಿಯೇ 2,400! ನೀನೂ ಕಂಪನಿಯೂ ಸೇರಿ ಪಿಎಫ್‌ಗೆ ಹಾಕುವುದಕ್ಕಿಂತ ಜಾಸ್ತಿ. ವರ್ಷದ ಲೆಕ್ಕದಲ್ಲಿ ಇದು ಶೇ 36. ಅಸಲು ಒಂದು ರೂಪಾಯಿಯೂ ಕರಗಿಲ್ಲ. ಶೇ 36 ಕೊಡುತ್ತಾ ಶೇ 8.25 ಗಳಿಸಲು ವಿಪಿಎಫ್ ಹಾಕುವುದರಲ್ಲಿ ಅರ್ಥವಿಲ್ಲ, ಅಲ್ವಾ? ಈ ಸಾಲ ಇರುವವರೆಗೆ ಆ ಯೋಚನೆ ಪಕ್ಕಕ್ಕಿಡು.

ಹಾಗಾದರೆ ಮಾವನವರು ಹೇಳಿದ್ದೇ ಸರಿ ಅಂತ ನಿನಗೆ ಅನ್ನಿಸುತ್ತದೆ. ಇಲ್ಲಿ ಸ್ವಲ್ಪ ನಿಲ್ಲು. ಕೈಗಡ ತೀರಿಸಲು ಪಿಎಫ್ ಒಂದೇ ದಾರಿಯಲ್ಲ. ಬ್ಯಾಂಕಿನಲ್ಲಿ ಬಂಗಾರ ಒತ್ತೆ ಇಟ್ಟರೆ ವರ್ಷಕ್ಕೆ ಶೇ 10ರ ಆಸುಪಾಸಿನಲ್ಲಿ ಸಾಲ ಸಿಗುತ್ತದೆ. ಅದೇ 80,000ಕ್ಕೆ ತಿಂಗಳ ಬಡ್ಡಿ 670ರ ಹತ್ತಿರ. ಉಳಿದ 1,700 ರೂಪಾಯಿಯನ್ನು ತಿಂಗಳು ತಿಂಗಳು ಅಸಲಿಗೇ ಕಟ್ಟು. ದೀಪಾವಳಿಗೆ ಬೋನಸ್ ಬಂದಾಗ ಅದನ್ನೂ ಅಲ್ಲಿಗೇ ಹಾಕು. ಕೈಗಡಕ್ಕೆ ಈಗ ಕೊಡುತ್ತಿರುವ ಹಣದಲ್ಲೇ ಸಾಲ ಕರಗತೊಡಗುತ್ತದೆ.

ಆದರೆ ಮನೆಯಲ್ಲಿರುವ ಬಂಗಾರ ನಿನ್ನ ಹೆಂಡತಿಯದು, ನನ್ನ ವೈನಿಯದು. ಅವರ ತವರಿನವರು ಕೊಟ್ಟದ್ದು. ನೀನು ನಿರ್ಧಾರ ಮಾಡಿಕೊಂಡು ಹೋಗಿ ಹೇಳಬೇಡ, ಕೂತು ಕೇಳು. ಈ ಲೆಕ್ಕವನ್ನು ಅವರಿಗೇ ತೋರಿಸು. ಅವರು ಬೇಡ ಅಂದರೆ ಅಲ್ಲಿಗೆ ಬಿಡು. ಆಗ ಪಿಎಫ್‌ನಿಂದ ಸ್ವಲ್ಪ ಭಾಗ ಅಡ್ವಾನ್ಸ್ ತೆಗೆಯಲು ಬರುತ್ತದೆಯೋ ನೋಡೋಣ. ಖಾತೆ ಮುಚ್ಚಿ ಎಲ್ಲ ತೆಗೆಯುವುದೇ ಬೇರೆ, ಅಡ್ವಾನ್ಸ್ ತೆಗೆಯುವುದೇ ಬೇರೆ. ಅಡ್ವಾನ್ಸ್ ತೆಗೆದರೆ ಪಿಂಚಣಿಗೆ ಏನೂ ಆಗುವುದಿಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಈ ಪಿಂಚಣಿಯದ್ದು. ಇದರ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದೇ ಇಲ್ಲ. ಪಾಸ್‌ಬುಕ್‌ನಲ್ಲಿ ಪಿಎಫ್ ಮೊತ್ತ ನೋಡುತ್ತಾರೆ, ಪಕ್ಕದಲ್ಲೇ ಇರುವ ಪಿಂಚಣಿ ಕಾಲಂ ಬಿಟ್ಟುಬಿಡುತ್ತಾರೆ. ಒಟ್ಟು ಹತ್ತು ವರ್ಷ ಸೇವೆ ಆದವರಿಗೆ 58ನೇ ವಯಸ್ಸಿನಿಂದ ಸಾಯುವವರೆಗೆ ತಿಂಗಳ ಪಿಂಚಣಿ ಸಿಗುತ್ತದೆ. ನಿನಗೆ ಎಂಟು ವರ್ಷ ಆಗಿದೆ. ಇನ್ನೆರಡೇ ವರ್ಷ! ಫಾರಂ 10ಸಿ ತುಂಬಿ ಪಿಂಚಣಿ ಹಣವನ್ನೂ ತೆಗೆದರೆ ಆ ಎಂಟು ವರ್ಷ ಲೆಕ್ಕದಿಂದಲೇ ಅಳಿಸಿಹೋಗುತ್ತವೆ.

ಅಷ್ಟೇ ಆಗಿದ್ದರೆ ಮತ್ತೆ ಮೊದಲಿನಿಂದ ಎಣಿಸಬಹುದಿತ್ತು. ಆದರೆ 2014ರ ಸೆಪ್ಟೆಂಬರ್ 1ರಿಂದ ಹೊಸದಾಗಿ ಸೇರುವವರ ಬೇಸಿಕ್, ಡಿಎ 15,000 ದಾಟಿದ್ದರೆ ಅವರನ್ನು ಪಿಂಚಣಿ ಯೋಜನೆಗೆ ಸೇರಿಸಿಕೊಳ್ಳುವುದಿಲ್ಲ. ನಿನ್ನ ಹೊಸ ಬೇಸಿಕ್ 17,000. ಹಳೆಯ ಸದಸ್ಯನಾಗಿ ಹೋದರೆ ಪಿಂಚಣಿ ಮುಂದುವರಿಯುತ್ತದೆ. ಎಲ್ಲ ತೆಗೆದುಕೊಂಡು ಹೊಸಬನಾಗಿ ಹೋದರೆ ಒಳಗೆ ಬಿಡುವುದಿಲ್ಲ. ಪಗಾರ ಏರಿದ ಖುಷಿಯಲ್ಲಿ ಇದನ್ನು ಕಳೆದುಕೊಳ್ಳಬೇಡ.

ಎಷ್ಟು ಸಿಗುತ್ತದೆ ಅಂತ ಕೇಳುತ್ತೀಯ. ಪಿಂಚಣಿಗೆ ಹಿಡಿಯುವ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ನಿನಗೆ ಈಗ 34. 58ರವರೆಗೆ ದುಡಿದರೆ 32 ವರ್ಷದ ಸೇವೆ. 20 ವರ್ಷ ದಾಟಿದವರಿಗೆ ಎರಡು ವರ್ಷ ಹೆಚ್ಚುವರಿ ಸೇರಿಸುತ್ತಾರೆ, ಅಂದರೆ 34. ಈಗಿನ 15,000 ಮಿತಿಯಲ್ಲೇ ಲೆಕ್ಕ ಹಾಕಿದರೆ ತಿಂಗಳಿಗೆ 7,285ರ ಹತ್ತಿರ. ದೊಡ್ಡ ಮೊತ್ತವಲ್ಲ, ನಿಜ. ಆದರೆ ವಯಸ್ಸಾದ ಮೇಲೆ ಮಾತ್ರೆಗೆ, ಕಿರಾಣಿಗೆ ಮಗಳ ಮುಂದೆ ಕೈ ಚಾಚದೆ ಇರಲು ಅದು ಬಹಳ ಆಸರೆ. ಖಾತೆಯಲ್ಲಿರುವ ಎರಡೂವರೆ ಲಕ್ಷವೂ ಹಾಗೇ. ಇನ್ನೊಂದು ರೂಪಾಯಿ ಹಾಕದಿದ್ದರೂ, ಇದೇ ಬಡ್ಡಿ ಇದ್ದರೆ, 24 ವರ್ಷಕ್ಕೆ ಹದಿನಾರು ಲಕ್ಷ ದಾಟುತ್ತದೆ.

ಮನೆ ಖರ್ಚು ಕಡಿಮೆ ಮಾಡು ಅಂತ ನಾನು ಹೇಳುವುದಿಲ್ಲ. ಬಾಡಿಗೆ, ಸಿಲಿಂಡರ್, ಮಗಳ ಶಾಲೆ ವ್ಯಾನು, ಅವ್ವನ ಮಾತ್ರೆ: ಇದರಲ್ಲಿ ಬಿಡುವಂಥದ್ದು ಏನಿದೆ? ಜೋಳ ಊರಿಂದ ಬರುತ್ತದೆ. ಪಂಚಮಿಗೆ ವೈನಿ ಉಂಡಿ ಕಟ್ಟುವುದನ್ನೂ ಲೆಕ್ಕಕ್ಕೆ ಹಿಡಿದು ಅವರ ಮನಸ್ಸು ನೋಯಿಸಬೇಡ. ನಿನ್ನ ಹಣ ಸೋರುತ್ತಿರುವುದು ಅಡಿಗೆ ಮನೆಯಲ್ಲಲ್ಲ, ಬಡ್ಡಿಯಲ್ಲಿ. ಒಂದೇ ಮಾತು, ಎರಡನೇ ಭಿಶಿಗೆ (ಚೀಟಿಗೆ) ಸೇರಬೇಡ. ಈಗಿರುವ ಒಂದು ಮುಗಿಯಲಿ. ಕಿರಾಣಿ ಉದ್ರಿಯನ್ನು ಮೊದಲ ಏರಿದ ಪಗಾರದಲ್ಲೇ ತೀರಿಸು.

ಇನ್ನೊಂದು ವಿಷಯ ನೀನು ಗಮನಿಸಿಲ್ಲ ಅನ್ನಿಸುತ್ತದೆ. ಹೊಸ ಕಡೆ ಒಟ್ಟು ಪಗಾರ 21,000 ದಾಟಿದರೆ ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಇರುವುದಿಲ್ಲ. ಇಲ್ಲಿಯವರೆಗೆ ಅವ್ವನ ಔಷಧಿಯೂ ಅದರಲ್ಲೇ ನಡೆಯುತ್ತಿತ್ತು. ಹೊಸ ಕಂಪನಿಯ ವಿಮೆಯಲ್ಲಿ ತಂದೆ ತಾಯಿ ಹೆಸರು ಸೇರಿಸುತ್ತಾರೋ ಇಲ್ಲವೋ ಸೇರುವ ಮೊದಲೇ ಎಚ್‌ಆರ್ ಅವರನ್ನು ಕೇಳು. ಇಲ್ಲವಾದರೆ ಏರಿದ ಪಗಾರದಲ್ಲಿ ಒಂದು ಪಾಲು ಅದಕ್ಕೇ ತೆಗೆದಿಡಬೇಕಾಗುತ್ತದೆ. ಇನ್ನೊಂದು ಆಸ್ಪತ್ರೆ ಬಿಲ್ಲಿಗೆ ಇನ್ನೊಂದು ಕೈಗಡ ಆಗಬಾರದು, ಬಸು.

ಹೊಸ ಕಂಪನಿಗೆ ಹಳೆಯ ಯುಎಎನ್ ನಂಬರನ್ನೇ (ಪಿಎಫ್ ಸದಸ್ಯನ ಕಾಯಂ ನಂಬರು) ಕೊಡು, ಹೊಸದು ಮಾಡಿಸಬೇಡ. ಆಧಾರ್‌ನಲ್ಲಿ ಇರುವ ಹೆಸರು, ಹುಟ್ಟಿದ ದಿನ ಪಿಎಫ್‌ನಲ್ಲೂ ಹಾಗೇ ಇವೆಯೋ ನೋಡು. ಫೌಂಡ್ರಿಯವರು ಕೆಲಸ ಬಿಟ್ಟ ದಿನಾಂಕ ಹಾಕಿದ್ದಾರೋ ಪರೀಕ್ಷಿಸು. ಆಮೇಲೆ ಹಣ ವರ್ಗಾವಣೆಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಏಜೆಂಟರಿಗೆ ಸುಮ್ನೆ ಕಮಿಷನ್ ಕೊಡಬೇಡ. ಒಟಿಪಿಯನ್ನಂತೂ ಯಾರಿಗೂ ಹೇಳಬೇಡ.

ನಾಮಿನಿ ಹೆಸರು ಇವತ್ತೇ ಹಾಕು. ಹೇಳಲು ಮನಸ್ಸು ಬರುವುದಿಲ್ಲ, ಆದರೂ ಹೇಳುತ್ತೇನೆ. ಕೆಲಸದಲ್ಲಿದ್ದಾಗ ನಿನಗೇನಾದರೂ ಆದರೆ ವೈನಿಗೆ ಪಿಂಚಣಿ ಬರುತ್ತದೆ, ಮಗಳಿಗೂ 25 ವರ್ಷದವರೆಗೆ ಬರುತ್ತದೆ. ಪಿಎಫ್ ಜೊತೆಗಿರುವ ವಿಮೆಯಿಂದ ಏಳು ಲಕ್ಷದವರೆಗೆ ಸಿಗುತ್ತದೆ. ಅದಕ್ಕೆ ನೀನು ಒಂದು ಪೈಸೆಯನ್ನೂ ಬೇರೆ ಕಟ್ಟುತ್ತಿಲ್ಲ. ನಿನ್ನ ಖಾತೆಯಲ್ಲಿ ಇನ್ನೂ ಲಗ್ನಕ್ಕಿಂತ ಮುಂಚೆ ಹಾಕಿದ ಅವ್ವನ ಹೆಸರೇ ಇರಬೇಕು. ಲಗ್ನವಾದ ಮೇಲೆ ಹೊಸದಾಗಿ ನಾಮಿನೇಷನ್ ಮಾಡಲೇಬೇಕು.

ರವಿವಾರ ವೈನಿಯನ್ನೂ ಕರೆದುಕೊಂಡು ಮನೆಗೆ ಬಾ. ಪಾಸ್‌ಬುಕ್ ಪ್ರಿಂಟ್, ಪಗಾರ ಚೀಟಿ, ಕೈಗಡದ ಕಾಗದ ಮೂರನ್ನೂ ತಾ. ಬಂಗಾರದ ಸಾಲದ ದರವನ್ನು ನಾನು ಅಷ್ಟರಲ್ಲಿ ಎರಡು ಬ್ಯಾಂಕಿನಲ್ಲಿ ವಿಚಾರಿಸಿ ಇಟ್ಟಿರುತ್ತೇನೆ. ಅಲ್ಲಿಯವರೆಗೆ ಯಾವ ಫಾರಂಗೂ ಸಹಿ ಹಾಕಬೇಡ.

ನಿನ್ನ,
ಮಹಾಂತೇಶ
ಬೆಳಗಾವಿ